ಯಾವ ಲೈನ್ ಹಿಡಿಯಬೇಕು ಅಂತ ಡಯಲ್ ಮಾಡುವವರು ಯೋಚಿಸಬಾರದು

ದಾವಣಗೆರೆಯಲ್ಲಿ ಮೆಕ್ಕೆಜೋಳದ ಒಂದು ದೊಡ್ಡ ಮಂಡಿಗೆ ಫೋನ್ ವ್ಯವಸ್ಥೆ ಹಾಕಿಕೊಟ್ಟೆ. ಆಸ್ಟೆರಿಸ್ಕ್ ಮೇಲೆ ಓಡುವ ಫ್ರೀಪಿಬಿಎಕ್ಸ್, ಅಂದರೆ ಆಫೀಸಿನ ಫೋನ್‌ಗಳನ್ನೆಲ್ಲ ಜೋಡಿಸಿ ಕರೆಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್. ಹೊರಗೆ ಹೋಗೋಕೆ ಎರಡು ದಾರಿ: ಫೈಬರ್ ಮೇಲೆ ಬರುವ ಎಸ್‌ಐಪಿ ಟ್ರಂಕ್ (ಕರೆಯನ್ನು ಡೇಟಾ ರೂಪದಲ್ಲಿ ಹೊರಗೆ ಒಯ್ಯುವ ಲೈನ್; ಹೊರಗೆ ಹೋಗುವ ಯಾವ ಲೈನಿಗೂ ಟ್ರಂಕ್ ಅಂತಾರೆ), ಜೊತೆಗೆ ಹಳೇ ಲ್ಯಾಂಡ್‌ಲೈನ್‌ಗಳು. ಮೊದಲು ಅಲ್ಲಿ ಲೋಕಲ್‌ಗೆ ಒಂದು ಅಂಕಿ, ಮೊಬೈಲಿಗೆ ಇನ್ನೊಂದು ಅಂಕಿ ಒತ್ತಿ ಲೈನ್ ಹಿಡಿಯಬೇಕಿತ್ತು. ಹಳಬರಿಗೆ ಅದು ಬಾಯಿಪಾಠ, ಹೊಸಬರು ಪ್ರತಿ ಸಲ ಕೇಳಬೇಕು. ನಂಬರ್ ನೋಡಿದರೆ ಸಾಕು, ಯಾವ ದಾರಿ ಅಂತ ಮಷೀನಿಗೇ ಗೊತ್ತಾಗುತ್ತೆ ಅಲ್ವಾ? ಅದನ್ನು ಜನರ ತಲೆ ಮೇಲೆ ಯಾಕೆ ಹೊರಿಸಬೇಕು?

ನಾನು ಮೊದಲು ಕೂತದ್ದು ಕಂಪ್ಯೂಟರ್ ಮುಂದಲ್ಲ, ಹಾಳೆ ಮುಂದೆ. ನಮ್ಮ ದೇಶದ ನಂಬರ್‌ಗಳು ಯಾವ ಅಂಕಿಯಿಂದ ಶುರುವಾಗುತ್ತವೆ ಅಂತ ಬರೆದುಕೊಂಡೆ. ಮೊಬೈಲ್ 6ರಿಂದ 9. ಎಸ್‌ಟಿಡಿ 0, ಚಿತ್ರದುರ್ಗಕ್ಕೆ 08194 ಇದ್ದ ಹಾಗೆ. ವಿದೇಶ 00. ತುರ್ತು ನಂಬರ್‌ಗಳೆಲ್ಲ 1ರಿಂದ: 112, 108, 101. ಊರೊಳಗಿನ ಆರಂಕಿ ಲ್ಯಾಂಡ್‌ಲೈನ್ ನಂಬರ್‌ಗಳು, ಮಂಡಿಯವರು ಹಚ್ಚುವಂಥವು, 2ರಿಂದ. ಇಷ್ಟು ಬರೆದ ಮೇಲೆ ಆಫೀಸಿನ ಒಳಗಿನ ಎಕ್ಸ್‌ಟೆನ್ಶನ್‌ಗೆ, ಅಂದರೆ ಪ್ರತಿ ಫೋನಿನ ಒಳ ನಂಬರಿಗೆ, ಏನು ಕೊಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ಎಷ್ಟೋ ಕಡೆ ಸುಮ್ನೆ 101ರಿಂದ ಶುರು ಮಾಡುತ್ತಾರೆ. ಗೋದಾಮಿಗೆ ಬೆಂಕಿ ಬಿದ್ದು ಯಾರೋ ಗಾಬರಿಯಲ್ಲಿ 101 ಒತ್ತಿದರೆ ಅಗ್ನಿಶಾಮಕದವರ ಬದಲು ಪಕ್ಕದ ರೂಮಿನ ಫೋನ್ ಬಡಿದುಕೊಳ್ಳುತ್ತೆ. 200ರಿಂದ ಕೊಟ್ಟರೆ ಇನ್ನೊಂದು ತೊಂದರೆ: 201 ಒತ್ತಿದ ಮೇಲೂ, ಇದು ಆರಂಕಿಯ ಲೋಕಲ್ ನಂಬರಿನ ಶುರು ಇರಬಹುದು ಅಂತ ಸಾದಾ ಫೋನು ಇನ್ನಷ್ಟು ಅಂಕಿಗೆ ಕಾಯುತ್ತಾ ಕೂರುತ್ತೆ. ಹಾಗಾಗಿ 400ರಿಂದ ಕೊಟ್ಟೆ. ಯಾವುದಕ್ಕೂ ಡಿಕ್ಕಿ ಇಲ್ಲ.

ಆಮೇಲೆ ಔಟ್‌ಬೌಂಡ್ ರೂಟ್‌ಗಳು, ಅಂದರೆ ಯಾವ ಥರದ ನಂಬರ್ ಯಾವ ಲೈನಿಂದ ಹೊರಗೆ ಹೋಗಬೇಕು ಅನ್ನುವ ನಿಯಮಗಳು. ಇವುಗಳ ಪಟ್ಟಿಯನ್ನು ಫ್ರೀಪಿಬಿಎಕ್ಸ್ ಮೇಲಿನಿಂದ ಕೆಳಗೆ ನೋಡುತ್ತೆ, ಮೊದಲು ಹೊಂದಿದ ರೂಟನ್ನೇ ಹಿಡಿಯುತ್ತೆ. ಅದಕ್ಕೆ ತುರ್ತು ನಂಬರ್‌ಗಳ ರೂಟ್ ಎಲ್ಲಕ್ಕಿಂತ ಮೇಲೆ, ಅದೂ ಲ್ಯಾಂಡ್‌ಲೈನ್ ಮೂಲಕ. ಕೆಳಗೆ ಲೋಕಲ್, ಮೊಬೈಲ್, ಎಸ್‌ಟಿಡಿ. ಸಾಧ್ಯವಾದಲ್ಲೆಲ್ಲ ಎಷ್ಟು ಅಂಕಿ ಅಂತ ಖಚಿತವಾಗಿ ಬರೆಯಿರಿ. 'ಇದರಿಂದ ಶುರುವಾಗುವ ಎಲ್ಲಾ' ಅಂತ ಚುಕ್ಕೆ ಹಾಕಿ ಬಿಟ್ಟರೆ, ನಂಬರ್ ಮುಗಿಯಿತೋ ಇಲ್ಲವೋ ಗೊತ್ತಾಗದೆ ಕರೆ ತಡವಾಗಿ ಹೋಗುತ್ತೆ.

ಮೊಬೈಲ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮುಂದೆ 0 ಹಾಕಲೇಬೇಕು. ಎಸ್‌ಐಪಿ ಕೊಡುವವರಲ್ಲಿ ಕೆಲವರು 0 ಕೇಳುತ್ತಾರೆ, ಕೆಲವರು 91. ಇದನ್ನೆಲ್ಲ ಜನರಿಗೆ ಕಲಿಸುತ್ತಾ ಕೂರಬಾರದು. ಅವರು ಮೊಬೈಲಿನಲ್ಲಿ ಹಚ್ಚುವ ಹಾಗೆಯೇ ಹತ್ತಂಕಿ ಒತ್ತಲಿ. ಅಭ್ಯಾಸದಿಂದ 0 ಹಾಕಿದರೆ ರೂಟ್ ಅದನ್ನು ತೆಗೆಯಲಿ, ಆಮೇಲೆ ಹೋಗುವ ಟ್ರಂಕಿಗೆ ಬೇಕಾದ್ದನ್ನು ಟ್ರಂಕ್‌ನಲ್ಲೇ ಸೇರಿಸಿ.

ರಸ್ತೆ ಅಗೆದು ಫೈಬರ್ ತುಂಡಾಗೋದು ಇಲ್ಲಿ ಹೊಸದೇನಲ್ಲ. ಅದಕ್ಕೆ ಮೊಬೈಲ್ ರೂಟಿನಲ್ಲಿ ಮೊದಲು ಎಸ್‌ಐಪಿ, ಎರಡನೆಯದು ಲ್ಯಾಂಡ್‌ಲೈನ್. ಮೊದಲನೆಯದು ಸಿಗದಿದ್ದರೆ ಕರೆ ತಾನಾಗಿ ಎರಡನೆಯದಕ್ಕೆ ಹೋಗುತ್ತೆ. ಆ ಕಡೆಯವರ ಫೋನ್ ಬಿಜಿ ಇದ್ದರೆ ಮಾತ್ರ ಹಾಗೆ ದಾಟೋದಿಲ್ಲ, ದಾಟಲೂಬಾರದು. ಆದರೆ ದಾರಿ ಬದಲಾದಾಗ ರೈತರ ಮೊಬೈಲಿನಲ್ಲಿ ಕಾಣುವ ನಂಬರೂ ಬದಲಾಗುತ್ತೆ. ಅವರು ವಾಪಸ್ ಹಚ್ಚೋದು ಆ ನಂಬರಿಗೇ. ಅದಕ್ಕೆ ಒಳಬರುವ ಕರೆ ಯಾವ ಲೈನಿಗೆ ಬಂದರೂ ರೇಟು ಹೇಳುವ ಟೇಬಲ್ಲಿಗೇ ಸದ್ದಾಗುವ ಹಾಗೆ ಮಾಡಿದೆ.

00 ರೂಟಿಗೆ ಪಿನ್ ಹಾಕಿದೆ, ಅದು ಮಾಲೀಕರ ಹತ್ತಿರ ಮಾತ್ರ ಇದೆ. ವ್ಯವಸ್ಥೆಯೊಳಗೆ ನುಗ್ಗಿದ ಕಳ್ಳರು ಆಫೀಸ್ ಖಾಲಿ ಇರುವ ಹೊತ್ತಿನಲ್ಲಿ ವಿದೇಶಕ್ಕೆ ಕರೆ ಮಾಡಿ ಬಿಲ್ ಏರಿಸೋದು ತುಂಬಾ ಹಳೆಯ ದಂಧೆ. ನಿಮಗೆ ವಿದೇಶದ ವ್ಯವಹಾರವೇ ಇಲ್ಲ ಅಂದರೆ ಆ ರೂಟ್ ಮಾಡಲೇಬೇಡಿ, ಟ್ರಂಕ್ ಕೊಟ್ಟವರಿಗೂ ಹೇಳಿ ಅವರ ಕಡೆಯಿಂದಲೇ ಐಎಸ್‌ಡಿ ಮುಚ್ಚಿಸಿ.