ಹಾಂಗ್‌ಕಾಂಗ್‌ನಲ್ಲಿ ಡಿಮ್ ಸಮ್ ಉಂಡ ಬಗೆ

ಹಾಂಗ್‌ಕಾಂಗ್‌ನ ಸೆಂಟ್ರಲ್ ಪ್ರದೇಶದಲ್ಲಿ, 1962ರಲ್ಲಿ ಆರಂಭವಾದ ಸಿಟಿ ಹಾಲ್ ಕಟ್ಟಡದ ಮಹಡಿಯ ಮೇಲೆ ಮ್ಯಾಕ್ಸಿಮ್ಸ್ ಪ್ಯಾಲೇಸ್ ಎಂಬ ವಿಶಾಲವಾದ ಭೋಜನಶಾಲೆಯಿದೆ. ಚಹಾದೊಡನೆ ಸವಿಯುವ, ಬಹುಪಾಲು ಪುಟ್ಟ ಬಿದಿರ ಬುಟ್ಟಿಗಳಲ್ಲಿ ಬಡಿಸುವ ಡಿಮ್ ಸಮ್ ತಿನಿಸುಗಳನ್ನು ತಳ್ಳುಗಾಡಿಯಲ್ಲಿ ಮೇಜಿನ ಬಳಿಗೇ ತರುವ ಪದ್ಧತಿ ಆ ನಗರದಲ್ಲಿ ಈಗ ವಿರಳವಾಗಿದ್ದು, ಅದು ಉಳಿದಿರುವ ಕೆಲವೇ ಕಡೆಗಳಲ್ಲಿ ಇದೂ ಒಂದಾದ್ದರಿಂದ ನಾನು ಇದನ್ನೇ ಆರಿಸಿಕೊಂಡೆ. ಭಾನುವಾರದ ದಟ್ಟಣೆ ಬೇಡವೆಂದು ವಾರದ ನಡುವೆ, ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆಯೇ ಹೋಗಿ, ಅಡುಗೆಮನೆಯ ಬಾಗಿಲಿಗೆ ಹತ್ತಿರದ ಮೇಜನ್ನು ಕೇಳಿ ಪಡೆದೆ. ಕಿಟಕಿಯಾಚೆಯ ಬಂದರಿನ ನೋಟವೇನೋ ತಪ್ಪಿತು. ಆದರೆ ಆಗತಾನೇ ಹೊರಬಂದ ಗಾಡಿಗಳು ಮೊದಲು ನನ್ನ ಮುಂದೆಯೇ ಹಾದುಹೋಗುತ್ತಿದ್ದವು.

ಅಲ್ಲಿ ಕುಳಿತೊಡನೆ ಕೇಳುವುದು ತಿಂಡಿಯನ್ನಲ್ಲ, ಚಹಾ ಯಾವುದೆಂದು. ಹುದುಗು ಬರಿಸಿದ, ಕಡುಕಂದು ಬಣ್ಣದ ಪು-ಅರ್ ಚಹಾ ತರಿಸಿಕೊಂಡೆ. ಹಾಲು, ಸಕ್ಕರೆ ಬೆರೆಸದ ಅದರ ಒಗರು ಬಾಯಿಯ ಜಿಡ್ಡನ್ನು ಕಳೆದು ಮುಂದಿನ ತುತ್ತಿಗೆ ನಾಲಿಗೆಯನ್ನು ಸಿದ್ಧಗೊಳಿಸುತ್ತದೆ. ಕುಡಿಕೆಯ ಮುಚ್ಚಳವನ್ನು ಓರೆಯಾಗಿಟ್ಟರೆ ಸಾಕು, ಬಿಸಿನೀರು ತಂದು ತುಂಬುತ್ತಾರೆ. ಯಾರಾದರೂ ಬಟ್ಟಲಿಗೆ ಚಹಾ ಬಗ್ಗಿಸಿದರೆ ಬೆರಳುಗಳಿಂದ ಮೇಜನ್ನು ಮೆಲ್ಲನೆ ತಟ್ಟುವುದೇ ಕೃತಜ್ಞತೆ.

ನಾನು ಪಾಲಿಸಿದ ಕ್ರಮ ಒಂದೇ: ಒಮ್ಮೆಗೆ ಎರಡಕ್ಕಿಂತ ಹೆಚ್ಚು ಬುಟ್ಟಿಗಳನ್ನು ಇಳಿಸಿಕೊಳ್ಳಲಿಲ್ಲ. ಮೊದಲನೆಯದು ಸಿಗಡಿ ತುಂಬಿದ ಹರ್ ಗಾವ್ ಎಂಬ ಕಡುಬು. ನಮ್ಮಲ್ಲಿ ಕಡುಬಿಗೆ ಅಕ್ಕಿಹಿಟ್ಟನ್ನು ಕುದಿನೀರಿನಲ್ಲಿ ತೊಳಸುವಂತೆಯೇ, ಅವರು ಗೋಧಿಯ ಪಿಷ್ಟಕ್ಕೆ ಸ್ವಲ್ಪ ಮರಗೆಣಸಿನ ಪಿಷ್ಟ ಬೆರೆಸಿ ಕುದಿನೀರು ಹುಯ್ದು ನಾದುತ್ತಾರೆ. ಗೋಧಿಯ ಅಂಟನ್ನು (ಗ್ಲುಟೆನ್) ತೆಗೆದ ಪಿಷ್ಟವಾದ್ದರಿಂದ ಬೆಂದ ಮೇಲೆ ಹೊದಿಕೆ ಅರೆಪಾರದರ್ಶಕವಾಗಿ, ಒಳಗಿನ ಸಿಗಡಿಯ ನಸುಗೆಂಪು ಹೊರಗೆ ಕಾಣುತ್ತದೆ. ನನ್ನ ಬುಟ್ಟಿಯಲ್ಲಿದ್ದವುಗಳ ನೆರಿಗೆಗಳು ಒತ್ತೊತ್ತಾಗಿ ಒಂದೇ ಕಡೆಗೆ ಬಾಗಿದ್ದವು. ಕಚ್ಚಿದಾಗ ಹೊದಿಕೆ ಮೆತ್ತಗೆ ಬಿಟ್ಟುಕೊಟ್ಟು, ಸಿಗಡಿ ಹಲ್ಲಿಗೆ ಬಿಗಿಯಾಗಿ ಸಿಕ್ಕಿತು. ಆರಿದರೆ ಈ ಹೊದಿಕೆ ಬಿರುಸಾಗಿ ಬುಟ್ಟಿಯ ತಳದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹರ್ ಗಾವ್ ಬಂದಾಗ ಛಾಯಾಚಿತ್ರಕ್ಕೆಂದು ಕಾಯುವುದು ನನ್ನ ದೃಷ್ಟಿಯಲ್ಲಿ ಅಡುಗೆಯವರಿಗೆ ಮಾಡುವ ಅನ್ಯಾಯ.

ಹಂದಿಮಾಂಸ ತುಂಬಿ, ಬಾಯಿ ಮುಚ್ಚದೆ ಬೇಯಿಸುವ ಸಿಯು ಮೈ ಕಡುಬು ಚೆನ್ನಾಗಿತ್ತು. ಹುದುಗು ಬರಿಸಿದ ಕಪ್ಪು ಸೋಯಾ ಕಾಳಿನ ಸಾರದಲ್ಲಿ ಬೆಂದ ಕೋಳಿಪಾದ ನನ್ನ ರುಚಿಗೆ ಒಗ್ಗಲಿಲ್ಲ. ಅಕ್ಕಿಹಿಟ್ಟಿನ ತೆಳುಹಾಳೆಯನ್ನು ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತಿದ ಚಂಗ್ ಫನ್‌ನ ಮೇಲೆ ಸಿಹಿಯಾದ ಸೋಯಾ ರಸವನ್ನು ಸುರಿದು ಕೊಟ್ಟಾಗ, ಚಾಪ್‌ಸ್ಟಿಕ್‌ನಿಂದ ಜಾರುವ ಅದನ್ನು ಚಮಚದ ಆಸರೆಯಿಲ್ಲದೆ ಬಾಯಿಗೆ ಸೇರಿಸಲಾಗಲಿಲ್ಲ. ಮೂಲಂಗಿ ತುರಿ, ಅಕ್ಕಿಹಿಟ್ಟು, ಒಣಸಿಗಡಿ ಸೇರಿಸಿ ಬೇಯಿಸಿ, ಬಿಲ್ಲೆಗಳಾಗಿ ಕತ್ತರಿಸಿ ಕಾವಲಿಯ ಮೇಲೆ ಕೆಂಪಗೆ ಸುಟ್ಟ ಲೋ ಬಾಕ್ ಗೋ ಮಾತ್ರ ಎರಡನೆಯ ಸಲವೂ ತರಿಸಿಕೊಳ್ಳುವಂತಿತ್ತು. ಅಂಚು ಗರಿಗರಿ, ನಡು ಮೃದು. ಪ್ರಸಿದ್ಧಿಯಲ್ಲಿ ಹರ್ ಗಾವ್ ಮುಂದಿದ್ದರೂ ನನ್ನ ಮೆಚ್ಚುಗೆ ಇದಕ್ಕೇ.

ಪ್ರತಿ ಬುಟ್ಟಿ ಇಳಿದಾಗಲೂ ಅದರ ಬೆಲೆಯ ದರ್ಜೆಗೆ ತಕ್ಕಂತೆ ಮೇಜಿನ ಚೀಟಿಯಲ್ಲಿ ಗುರುತು ಹಾಕುತ್ತಾರೆ. ಚಹಾಕ್ಕೆ ತಲಾ ಲೆಕ್ಕದ ಶುಲ್ಕವೂ ಸೇವಾ ಶುಲ್ಕವೂ ಬೇರೆಯಾಗಿ ಸೇರುತ್ತವೆ. ಒಂದು ಬುಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ತುಂಡುಗಳಿರುವುದರಿಂದ, ಹಂಚಿಕೊಳ್ಳಲು ಇಬ್ಬರು ಮೂವರು ಜೊತೆಗಿದ್ದರೆ ಅಷ್ಟೇ ಹಸಿವಿನಲ್ಲಿ ಇನ್ನೂ ಹೆಚ್ಚು ಬಗೆಗಳ ರುಚಿ ನೋಡಬಹುದು.