ಟೆಕ್ಕನ್ ಟೇಬಲ್ ಪುಕ್ಕಟೆ, ಬಾಡಿಗೆ ವಸೂಲಿ

ನನ್ನ ಗೇಮ್ ಪಾರ್ಲರಿನಲ್ಲಿ ಟೆಕ್ಕನ್ (ಇಬ್ಬರು ಎದುರುಬದುರು ನಿಂತು ಬಡಿದಾಡುವ ವಿಡಿಯೋ ಗೇಮ್) ಟೇಬಲ್ ಪುಕ್ಕಟೆ ಮಾಡ್ತೀನಿ ಅಂದಾಗ ಸೂಪರ್ ಮಾರ್ಕೆಟ್ ಕಡೆ ಗೇಮ್ ಪಾರ್ಲರ್ ಇಟ್ಟಿರುವ ಗೆಳೆಯ ನಕ್ಕುಬಿಟ್ಟ. "ಪುಕಟ್ ಇಟ್ರ ಹುಡುಗ್ರು ಎ.ಸಿ. ಗಾಳಿಗಿ ಬಂದ್ ಕೂಡ್ತಾರಪಾ, ಆಡ್ಲಿಕ್ಕಿ ಅಲ್ಲ." ಕಲಬುರಗಿಯ ಏಪ್ರಿಲ್ ಬಿಸಿಲು ಕಂಡವರು ಯಾರೂ ಇದನ್ನು ಸುಳ್ಳು ಅನ್ನಲಾರರು. ಈಗ ಅದೇ ಗೆಳೆಯ ಫೋನ್ ಮಾಡಿ ಲೆಕ್ಕ ಕೇಳ್ತಾನೆ. ಅವನಿಗೂ, ಅವನ ಹಾಗೆ ಕೇಳುವ ಉಳಿದವರಿಗೂ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ನಂದೂ ತಾಸಿಗೆ 60 ರೂಪಾಯಿಯೇ. ಫುಟ್‌ಬಾಲ್, ಕ್ರಿಕೆಟ್ ಗೇಮಿಗೆ ಆ ದರ ನಡೀತದೆ; ಸೋತವನೂ ಹತ್ತು ನಿಮಿಷ ಆಡಿರುತ್ತಾನೆ. ಫೈಟಿಂಗ್ ಗೇಮಿನಲ್ಲಿ ಹಂಗಲ್ಲ. ಹೊಸ ಹುಡುಗ ಕೂತ, ಹಳೇ ಹುಲಿ ಅವನನ್ನು ಗೋಡೆಗೆ ಒತ್ತಿ ಬಡಿದ, ಅರ್ಧ ತಾಸಿನ ರೊಕ್ಕ ಹೋಯಿತು. ಮರುದಿನ ಹುಡುಗ ನಾಪತ್ತೆ. ಹತ್ತು ದಿನಕ್ಕೆ ಹುಲಿಯೂ ನಾಪತ್ತೆ, ಬಡಿಯಲು ಯಾರೂ ಇಲ್ಲವಲ್ಲ. ಆ ಟೇಬಲ್ ದಿನಕ್ಕೆ ಇನ್ನೂರೈವತ್ತು, ಮುನ್ನೂರು ತಂದರೆ ಹೆಚ್ಚು. ಅಂಗಡಿ ಬಾಡಿಗೆ 14 ಸಾವಿರ, ಬೇಸಿಗೆಯಲ್ಲಿ ಕರೆಂಟ್ ಬಿಲ್ ಆರು ಸಾವಿರದ ಆಸುಪಾಸು.

ಆಮೇಲೆ ಗೇಮ್ ಕಂಪನಿಗಳದ್ದೇ ಕಾಪಿ ಹೊಡೆದೆ. 2013ರಲ್ಲಿ ಕಿಲ್ಲರ್ ಇನ್‌ಸ್ಟಿಂಕ್ಟ್ ಅನ್ನೋ ಫೈಟಿಂಗ್ ಗೇಮ್ ಬಂದಾಗ ಒಂದು ಕ್ಯಾರೆಕ್ಟರ್ (ಆಡುವವನು ಆರಿಸಿಕೊಳ್ಳುವ ಫೈಟರ್) ಪುಕ್ಕಟೆ, ಉಳಿದವಕ್ಕೆ ರೊಕ್ಕ. ಡೆಡ್ ಆರ್ ಅಲೈವ್ 5ರ ಕೋರ್ ಫೈಟರ್ಸ್ ಅನ್ನೋ ಪುಕ್ಕಟೆ ಆವೃತ್ತಿಯಲ್ಲಿ ನಾಲ್ಕು ಕ್ಯಾರೆಕ್ಟರ್. ನಾನೂ ವಾರಕ್ಕೆ ನಾಲ್ಕು ಹೆಸರು ಬೋರ್ಡಿನ ಮೇಲೆ ಬರೆದೆ, ಬೇರೆ ಬೇಕೆಂದರೆ ಸೆಟ್ಟಿಗೆ 10 ರೂಪಾಯಿ. ಮೂರು ವಾರದಲ್ಲಿ ಬೋರ್ಡ್ ಒರೆಸಿದೆ. ಟೆಕ್ಕನ್‌ನ ಕುಸ್ತಿಪಟು ಕಿಂಗ್ ಹಿಡಿದರೆ ಅವನ ಯಾವ ಕೈ ಮುಂದೆ ಬಂತು ಅಂತ ನೋಡಿ ಬಿಡಿಸಿಕೊಳ್ಳುವ ಬಟನ್ ಒತ್ತಬೇಕು. ಅದು ಕಣ್ಣಿಗೆ ಕೂರಬೇಕಾದರೆ ಕಿಂಗ್‌ನನ್ನು ನೀವೇ ಒಂದಿಷ್ಟು ಆಡಿರಬೇಕು. ಟೆಕ್ಕನ್ 8 ಬಿಡುಗಡೆಯಾದಾಗಲೇ ಅದರಲ್ಲಿ 32 ಫೈಟರ್‌ಗಳಿದ್ದರು. ಇಪ್ಪತ್ತೆಂಟು ಜನಕ್ಕೆ ಬೀಗ ಹಾಕಿದರೆ ಪೈಪೋಟಿ ಎಲ್ಲಿಂದ ಬರಬೇಕು? ಸಿಲಬಸ್ ಮುಚ್ಚಿಟ್ಟು ಪರೀಕ್ಷೆ ನಡೆಸಿದ ಹಾಗೆ.

"ಹಂಗಾರ ಬ್ರಾಲ್‌ಹಲ್ಲಾ ಹ್ಯಾಂಗ್ ನಡೀತದ ಅಣ್ಣಾ?" ಅಂತ ಇಂಜಿನಿಯರಿಂಗ್ ಹುಡುಗರು ವಾದಕ್ಕೆ ಬರ್ತಾರೆ. ಆ ಪುಕ್ಕಟೆ ಫೈಟಿಂಗ್ ಗೇಮಿನಲ್ಲೂ ವಾರವಾರ ಬದಲಾಗುವ ಕೆಲವು ಕ್ಯಾರೆಕ್ಟರ್ ಅಷ್ಟೇ ಪುಕ್ಕಟೆ, ಖರೆ. ಆದರೆ ಒಬ್ಬೊಬ್ಬರಿಗೆ ಎರಡೆರಡು ಆಯುಧ, ಅವೇ ಆಯುಧ ಬೇರೆಯವರ ಕೈಯಲ್ಲೂ ಇರ್ತಾವೆ. ಕತ್ತಿ ಕಲಿತರೆ ಕತ್ತಿ ಹಿಡಿದವರೆಲ್ಲ ಅರ್ಧ ಗೊತ್ತಾದಂತೆ. ಟೆಕ್ಕನ್‌ನಲ್ಲಿ ಆ ಸೌಕರ್ಯ ಇಲ್ಲ. ಇನ್ನು ಪುಕ್ಕಟೆ ಅಂದಮಾತ್ರಕ್ಕೆ ಜನ ನಿಲ್ಲೋದಿಲ್ಲ: ಮಲ್ಟಿವರ್ಸಸ್ ಅನ್ನೋ ಪುಕ್ಕಟೆ ಫೈಟಿಂಗ್ ಗೇಮ್ 2024ರ ಮೇಯಲ್ಲಿ ಮತ್ತೆ ಶುರುವಾಗಿ 2025ರ ಮೇ ಕೊನೆಗೆ ಬಾಗಿಲು ಹಾಕಿತು.

ಈಗಿನ ಪದ್ಧತಿ ಹೀಗಿದೆ. ಎಲ್ಲಾ ಕ್ಯಾರೆಕ್ಟರ್ ತೆರೆದಿವೆ. ರೊಕ್ಕ ಕೊಟ್ಟು ಕೊಳ್ಳಬೇಕಾದ ಹೈಹಾಚಿ ಕ್ಯಾರೆಕ್ಟರ್ ಬಂದಾಗ ನಾನೇ ಕೈಯಿಂದ ರೊಕ್ಕ ಹಾಕಿ ಕೊಂಡೆ. ಪುಕ್ಕಟೆ ಟೇಬಲ್ ಬಾಗಿಲ ಬಳಿ ಇದೆ, ಕುರ್ಚಿ ಇಲ್ಲ, ನಿಂತೇ ಆಡಬೇಕು, ಎ.ಸಿ. ಅಲ್ಲಿಗೆ ಸರಿಯಾಗಿ ತಟ್ಟುವುದಿಲ್ಲ. ಸೋತವನು ಸರಿಯಬೇಕು, ಸತತ ಮೂರು ಗೆದ್ದವನೂ ಸರಿಯಬೇಕು. ಹುಲಿಗೆ ಸಿಟ್ಟು ಬರೋದು ಇಲ್ಲೇ, ನನಗೆ ರೊಕ್ಕ ಬರೋದೂ ಇಲ್ಲೇ. ಒಳಗಿನ ಟೇಬಲಿಗೆ ಕುರ್ಚಿ, ತಂಪು, ಮೊದಲೇ ಬುಕ್ ಮಾಡಿ ಪ್ರಾಕ್ಟೀಸ್ ಮಾಡುವ ಅವಕಾಶ: ತಿಂಗಳಿಗೆ 400ರ ಪಾಸ್. ಈಗ ಪಾಸಿನವರೇ ಮೂವತ್ತು, ಮೂವತ್ತೈದು ಜನ. ಲೆವರ್‌ಲೆಸ್ (ಕೋಲಿಲ್ಲದ, ಬರೀ ಬಟನ್ನಿನ ಕಂಟ್ರೋಲರ್) ಬಾಡಿಗೆ ಬೇರೆ. ಭಾನುವಾರದ ಟೂರ್ನಮೆಂಟಿಗೆ ಎಂಟ್ರಿ 50. ಗೆದ್ದವನಿಗೆ ನಗದು ಕೊಡೋದಿಲ್ಲ, ಮುಂದಿನ ತಿಂಗಳ ಪಾಸ್ ಕೊಡ್ತೀನಿ. ಅವನು ಅಂಗಡಿಯಲ್ಲಿದ್ದರೆ ನೋಡಲಿಕ್ಕೆ ಇನ್ನೈದು ಜನ ಬರ್ತಾರೆ. ಎಲ್ಲಾ ಸೇರಿ ಆ ಮೂಲೆಯೊಂದೇ ತಿಂಗಳಿಗೆ ಹತ್ತೊಂಬತ್ತು, ಇಪ್ಪತ್ತು ಸಾವಿರ ಎತ್ತುತ್ತದೆ. ಸೇಡಂ ರೋಡಿನಲ್ಲಿ ಇನ್ಯಾವ ಪಾರ್ಲರಿನ ಫೈಟಿಂಗ್ ಟೇಬಲ್ ಇಷ್ಟು ತರುತ್ತದೋ ತೋರಿಸಿ. ಯಾರ ಎದುರು ಯಾರನ್ನು ನಿಲ್ಲಿಸ್ತೀನಿ ಅನ್ನೋದು ಮಾತ್ರ ಕೇಳಬ್ಯಾಡ್ರಿ. ಕಾಲೇಜ್ ಬಿಡುವ ಮುಂಚಿನ ಎರಡು ತಾಸಿನ ದರವನ್ನೂ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಟೆಕ್ಕನ್ 7ರಲ್ಲಿ ಫ್ರೇಮ್ ಡೇಟಾ (ಯಾವ ಹೊಡೆತಕ್ಕೆ ಎಷ್ಟು ಹೊತ್ತು ಹಿಡೀತದೆ ಅನ್ನೋ ಲೆಕ್ಕ) ತೋರಿಸುವ ಸೌಲಭ್ಯವನ್ನು 2019ರಲ್ಲಿ ರೊಕ್ಕಕ್ಕೆ ಮಾರಿದ್ದರು. ನಾನೂ ಆ ಲೆಕ್ಕದ ಹಾಳೆ ಮಾಡಿಸಿ ಲ್ಯಾಮಿನೇಷನ್ ಹಾಕಿ 30ಕ್ಕೆ ಇಟ್ಟೆ. ಒಬ್ಬ ಕೊಂಡ. ಸಂಜೆಯೊಳಗೆ ಇಡೀ ಹಾಸ್ಟೆಲಿನಲ್ಲಿ ಅದರ ಝೆರಾಕ್ಸ್! ಉಳಿದ ಹಾಳೆಗಳನ್ನು ಗೋಡೆಗೆ ಅಂಟಿಸಿದೆ. ಈಗ ಅದನ್ನು ಓದಲಿಕ್ಕೇ ಬಂದು ನಿಲ್ಲುವವರಿದ್ದಾರೆ.

ಖರ್ಚು ತಿನ್ನೋದು ಕಂಟ್ರೋಲರ್. ನಿಂತು ಆಡುವ ಹುಡುಗರು ಡಿ-ಪ್ಯಾಡನ್ನು (ದಿಕ್ಕಿನ ಬಟನ್ನುಗಳನ್ನು) ಒತ್ತೋದಿಲ್ಲ, ಗುದ್ದುತ್ತಾರೆ. ನಮ್ಮಲ್ಲಿ ಮೊದಲು ಸಾಯೋದು ಕೆಳಗಿನ ಬಟನ್ನಿನ ಅಡಿಯ ರಬ್ಬರು. ಬಿಚ್ಚಿ ನೋಡಿದರೆ ಅದರ ಕಪ್ಪು ಚುಕ್ಕೆ ಸವೆದು ಬೂದಿಯಾಗಿರುತ್ತದೆ. ಸೋನಿಯ ಹೊಸ ಕಂಟ್ರೋಲರ್ ತರಲು ಐದಾರು ಸಾವಿರ ಬೇಕು, ಪುಕ್ಕಟೆ ಟೇಬಲಿಗೆ ಅದು ಕಟ್ಟುಬರೋದಿಲ್ಲ. ಅಲ್ಲಿ ಸಾವಿರದೈನೂರರ ವೈರ್ ಇರುವ ಪ್ಯಾಡ್ ಇಟ್ಟಿದ್ದೇನೆ, ರಬ್ಬರ್ ನಾನೇ ಬದಲಿಸ್ತೀನಿ. ಸೋನಿ ಕಂಟ್ರೋಲರ್ ಪಾಸಿನವರಿಗೆ ಮಾತ್ರ. ಅದೊಂದಕ್ಕೇ ಪಾಸ್ ಮಾಡಿಸಿದವರು ಏಳೆಂಟು ಜನ ಇದ್ದಾರೆ.