ಕಲ್ಲುಹೂ ಸಂಗ್ರಹ: ಚೀಟಿ ಬರೆಯದೆ ಮನೆಗೆ ಬರಬೇಡಿ

ಅಡಿಕೆ ಮರದ ಮೈಮೇಲೆ ಬಿಳಿ, ಬೂದು ಮಚ್ಚೆಗಳಿರುತ್ತವೆ ಅಲ್ವಾ? ಮರಕ್ಕೆ ರೋಗ ಬಂತು ಎಂದು ಕೆರೆದು ತೆಗೆಯುವವರಿದ್ದಾರೆ. ಅದು ರೋಗವಲ್ಲ, ಲೈಕನ್. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿ. ಮಸಾಲೆಗೆ ಹಾಕುವ ಕಲ್ಲುಹೂವೂ ಇದೇ ಬಳಗದ್ದು. ಉಡುಪಿ, ಮಂಗಳೂರಿನ ಸುತ್ತ ಪದವಿನ (ಎತ್ತರದ ಬಯಲಿನ) ಮುರಕಲ್ಲಿನ ಮೇಲೂ ಕಾಡಿನ ಮರಗಳಲ್ಲೂ ಇವನ್ನು ಹುಡುಕಬಹುದು. ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯ ಮಾದರಿಗಳನ್ನು ಕಾಪಿಡುವ ಸಂಗ್ರಹಾಲಯದಲ್ಲಿ, ಇಡಲು ತಕ್ಕಂತೆ ಸಂಗ್ರಹಿಸುವ ಕ್ರಮ ಹೀಗಿದೆ.

ಮೊದಲು ಅನುಮತಿ. ಕಾಡಿಗೆ ಅರಣ್ಯ ಇಲಾಖೆಯದು, ತೋಟಕ್ಕೆ ಮನೆಯವರದು. ನಾಗಬನವನ್ನು ಹಾಗೇ ಬಿಡಿ.

ಎಲೆಯಂತೆ ಹರಡಿದ ಜಾತಿ ಒಣಗಿದ್ದಾಗ ಮುಟ್ಟಿದರೆ ಪುಡಿಯಾಗುತ್ತದೆ. ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಚಾಕುವಿನಿಂದ ಎಬ್ಬಿಸಿ. ಅಂಟಿಕೊಂಡೇ ಬೆಳೆಯುವುದನ್ನು ತೊಗಟೆಯ ತೆಳು ಚೂರಿನ ಜೊತೆಗೇ ತೆಗೆಯಬೇಕು. ಕಲ್ಲಾದರೆ ಉಳಿ, ಸುತ್ತಿಗೆ ಬೇಕು. ಅಂಗೈ ಅಗಲಕ್ಕಿಂತ ಜಾಸ್ತಿ ಬೇಡ. ಹೆಚ್ಚಿನವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಒಂದೇ ಒಂದು ಕಂಡರೆ ಫೋಟೋ ತೆಗೆದು ಬಿಟ್ಟುಬಿಡಿ.

ಚೀಟಿಯನ್ನು ಅಲ್ಲೇ ನಿಂತು, ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಸುಮ್ನೆ ‘ಮಣಿಪಾಲ, ಮರದ ಮೇಲೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಗೇರು ಮರವೋ, ಹಲಸೋ? ನೆಲದಿಂದ ಎಷ್ಟು ಎತ್ತರದಲ್ಲಿ? ಬಿಸಿಲೋ, ನೆರಳೋ? ಬಯಲು ಪದವೋ, ಕಾಡಿನ ಒಳಗೋ? ಅಕ್ಷಾಂಶ, ರೇಖಾಂಶ ಮೊಬೈಲಿನಲ್ಲೇ ಸಿಗುತ್ತವೆ. ಸಮುದ್ರ ಮಟ್ಟದಿಂದ ಎತ್ತರ, ದಿನಾಂಕ, ನಿಮ್ಮ ಹೆಸರು, ಸಂಗ್ರಹ ಸಂಖ್ಯೆ ಸೇರಿಸಿ. ಅದೇ ಸಂಖ್ಯೆ ನೋಟ್‌ಬುಕ್ಕಿನಲ್ಲೂ ಇರಲಿ. ಜಾತಿಯ ಹೆಸರು ಗೊತ್ತಿಲ್ಲವೇ? ಪರವಾಗಿಲ್ಲ, ಮುಂದೆ ಬಲ್ಲವರು ಗುರುತಿಸುತ್ತಾರೆ. ಸಿಕ್ಕಿದ ಜಾಗವನ್ನು ಮಾತ್ರ ನಿಮ್ಮನ್ನು ಬಿಟ್ಟು ಬೇರೆ ಯಾರೂ ಹೇಳಲಾರರು. ನಾಳೆ ಆ ಪದವನ್ನು ಅಗೆದು ಲೇಔಟ್ ಮಾಡಿದರೆ, ಅಲ್ಲಿ ಏನು ಬೆಳೆಯುತ್ತಿತ್ತು ಎನ್ನುವುದಕ್ಕೆ ಈ ಚೀಟಿಯೇ ಸಾಕ್ಷಿ.

ಒದ್ದೆ ಮಾದರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಇಡಲೇಬೇಡಿ, ನಮ್ಮ ಕರಾವಳಿಯ ಸೆಕೆಗೆ ಬೇಗ ಬೂಸ್ಟು ಹಿಡಿಯುತ್ತದೆ. ಕಾಗದದ ಪೊಟ್ಟಣ ಸಾಕು. ಮನೆಗೆ ಬಂದು ಪೊಟ್ಟಣ ಬಿಡಿಸಿ, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ. ಮಳೆಗಾಲದಲ್ಲಿ ಅವಸರ ಮಾಡಬೇಡಿ, ಮುರಿದರೆ ಗರಿಗರಿ ಅನ್ನುವಷ್ಟು ಒಣಗಬೇಕು. ಹುಳ ಸಾಯಲು ಆಮೇಲೆ ಗಾಳಿಯಾಡದ ಕವರಿನಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಕೂಡಲೇ ಕವರ್ ಬಿಚ್ಚಿದರೆ ಮಾದರಿಯ ಮೇಲೆ ನೀರು ಕೂರುತ್ತದೆ. ತಂಪು ಹೋಗುವವರೆಗೆ ಕಾಯಿರಿ.

ಕೊನೆಗೆ ಮಡಚಿದ ದಪ್ಪ ಕಾಗದದ ಲಕೋಟೆಗೆ ಹಾಕಿ, ಚೀಟಿಯ ವಿವರವನ್ನು ಮೇಲೆ ಅಂಟಿಸಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಲೈಕನ್‌ಗಳ ದೊಡ್ಡ ಸಂಗ್ರಹವಿದೆ. ಅಲ್ಲಿಗೆ ಕಳಿಸುವ ಮೊದಲು ಪತ್ರ ಬರೆದು ಕೇಳಿ.